ಕೆಂಪು ಬಳಿದ ಮೂರು ನಿಮಿಷ

ನಮ್ಮ ಠಾಣೆಯ ಗೋಡೆಗಡಿಯಾರದ ಮುಖಕ್ಕೆ
ಎರಡು ಕಡೆ ಕೆಂಪು ಬಳಿದಿತ್ತು.
ಗಂಟೆಗೆರಡು ಸಲ, ಮೂರು ಮೂರು ನಿಮಿಷ.
ಮುಳ್ಳು ಆ ಕೆಂಪಿನೊಳಗೆ ಕಾಲಿಟ್ಟರೆ
ಇಡೀ ಅಟ್ಲಾಂಟಿಕ್ ಬಾಯಿ ಮುಚ್ಚಬೇಕು:
ಬಾಳೆಹಣ್ಣಿನ ಹಡಗು, ಎಣ್ಣೆ ಹಡಗು,
ಹೆಂಡತಿಗೆ ಹುಟ್ಟುಹಬ್ಬದ ತಂತಿ ಕಳಿಸುವ ಕಪ್ತಾನ,
ಎಲ್ಲರೂ.
ಎಲ್ಲೋ ಯಾರದೋ ಸಣ್ಣ ದನಿಗೆ
ಜಾಗ ಬಿಡಲೆಂದು.

ಅಪ್ಪ ಇದೇ ಫಾಯಾಲ್ ದ್ವೀಪದ ಬಂಡೆಗೂಡಿನಲ್ಲಿ ಕೂತು
ತಿಮಿಂಗಿಲದ ಉಸಿರು ಕಾಯುತ್ತಿದ್ದವನು.
ಕಂಡರೆ ಬಾಣಬಿರುಸು ಹಾರಿಸುವನು,
ಊರ ಗಂಡಸರು ಅರ್ಧ ಊಟಕ್ಕೆ ಎದ್ದು ದೋಣಿಗೆ ಓಡುವರು.
'ನಾನು ಕಾಣುವುದನ್ನು ಕಾದೆ. ನೀನು ಕಾಣದ್ದನ್ನು ಕಾಯುತ್ತೀಯ,
ಸಂಬಳ ಯಾರು ಕೊಡ್ತಾರೆ ದಿಯೊಲಿಂಡಾ?'
ಎಂದು ನಗುತ್ತಿದ್ದ.

ಅರವತ್ತಾರರ ಫೆಬ್ರವರಿ. ರಾತ್ರಿ ಎರಡೂ ನಲವತ್ತಾರು.
ದೊಡ್ಡ ರಿಸೀವರು ನಿಯಮದಂತೆ ಮೌನ.
ಆ ಮೌನಕ್ಕೇ ಇರಬೇಕು, ಪಕ್ಕದ ಚಿಕ್ಕದರಲ್ಲಿ,
ದೂರದೂರದ ಅಲೆ ಹಿಡಿಯುವುದರಲ್ಲಿ,
ಕೇಳಿಸಿತು:
ಮೂರು ಚುಕ್ಕೆ, ಮೂರು ಗೆರೆ, ಮೂರು ಚುಕ್ಕೆ.
ಬಾವಿಯ ತಳದಲ್ಲೊಂದು ಸೊಳ್ಳೆ
ಗುಂಯ್‌ಗುಟ್ಟಿದ ಹಾಗೆ.

ಜೀವದೋಣಿಯ ಯಂತ್ರ ಅದು, ಕೈಯಲ್ಲಿ ತಿರುವುವುದು.
ಇಬ್ಬರು ಹಿಡಿಕೆ ತಿರುವಬೇಕು, ಒಬ್ಬ ಕೀಲಿ ಒತ್ತಬೇಕು.
ತೋಳು ದಣಿದರೆ ಸ್ವರವೇ ಜಗ್ಗುತ್ತದೆ,
ಬೇರೆಯವರು ಹಿಡಿದರೆ ತಟ್ಟನೆ ನೆಟ್ಟಗಾಗುತ್ತದೆ.
ಅಕ್ಷರ ಬರೆದುಕೊಂಡಷ್ಟೇ ಶ್ರದ್ಧೆಯಿಂದ
ನಾನು ತೋಳುಗಳನ್ನು ಬರೆದುಕೊಂಡೆ:
ಒಂದು ಜೋಡಿ ಗಟ್ಟಿ, ಒಂದು ಜೋಡಿ ಆತುರದ್ದು.
ಕೀಲಿಯವನ ಗೆರೆಗಳು ಮಾತ್ರ ಉದ್ದುದ್ದ,
ಚಳಿಗೆ ಬೆರಳು ಮರಗಟ್ಟಿದವನ ಕೈಬರಹ.

ರೆಸೀಫಿನಿಂದ ಪೂರ್ವಕ್ಕೆ ಮುನ್ನೂರು ಮೈಲಿ, ಎಂದಿತು ಆ ಕೈ.
ನನ್ನಿಂದ ಮೂರು ಸಾವಿರ.

ರೆಸೀಫಿನವನಿಗೆ ಕೇಳಿಸಿರಲಿಲ್ಲ. ಅವನ ತಪ್ಪಲ್ಲ.
ಈ ಅಲೆಗಳ ಜಾಯಮಾನವೇ ಹಾಗೆ:
ಮೇಲೆ ಹಾರಿ, ಕಾಣದ ಯಾವುದೋ ಚಾವಣಿಗೆ ತಾಗಿ,
ನೆರೆಯವರ ನೆತ್ತಿಯ ಮೇಲಿಂದಲೇ ದಾಟಿ,
ಹೆಸರೂ ಗೊತ್ತಿಲ್ಲದವರ ಅಂಗಳದಲ್ಲಿ ಇಳಿಯುತ್ತವೆ.
ದೀಪದ ಬುಡದಲ್ಲಿ ಕತ್ತಲೆ.

ಕೇಬಲ್ ಆಫೀಸಿನ ಎವರಿಸ್ತುವನ್ನು ಫೋನಿನಲ್ಲಿ ಬೈದು ಎಬ್ಬಿಸಿದೆ.
ಆಕಾಶದಿಂದ ಬಿದ್ದ ಮಾತನ್ನು
ಕಡಲ ತಳದ ತಂತಿಗೆ ಕಟ್ಟಿ
ಅವರ ಪಕ್ಕದ ಮನೆಗೇ ವಾಪಸು ಕಳಿಸಿದೆವು.

ಆಮೇಲೆ ಏನಿದೆ, ಕೂತೆ.
ಕೇಳಿಸಿತು, ಕೇಳಿಸಿತು, ಎಂದು ಬಡಿಯುತ್ತಲೇ ಇದ್ದೆ.
ಅವರಿಗೆ ಕೇಳಿಸಿತೋ ಇಲ್ಲವೋ.
ಸ್ವರ ಜಗ್ಗಿತು, ನೆಟ್ಟಗಾಯಿತು, ಜಗ್ಗಿತು.
ನಾಲ್ಕು ಗಂಟೆಯ ಹೊತ್ತಿಗೆ ಆತುರದ ಜೋಡಿ ನಿಂತುಹೋಯಿತು.
ನಾನು ಪೆನ್ಸಿಲು ಕೆಳಗಿಟ್ಟೆ.
ಐದಕ್ಕೆ ಮತ್ತೆ ಅದೇ ಜೋಡಿ,
ಈಗ ಆತುರವಿಲ್ಲ.
ಬೆಳಕು ಹರಿಯುತ್ತಲೇ ಮೇಲಿನ ಚಾವಣಿ ಬದಲಾಯಿತು.
ಕಿಟಕಿಯಾಚೆ ಪೀಕು ಪರ್ವತ ನೆತ್ತಿಗೆ ಮೋಡ ಸುತ್ತಿಕೊಂಡು ನಿಂತಿತ್ತು,
ಕಿವಿಯಲ್ಲಿ ಬರೀ ಮರಳು ಹುರಿಯುವ ಸದ್ದು.
ವರದಿಯಲ್ಲಿ ಬರೆದೆ: ದೋಣಿಯಲ್ಲಿ ಐವರು.

ಮೂರು ವಾರಕ್ಕೆ ಕಾಗದ ಬಂತು, ಆ ಕೀಲಿಯವನದೇ.
ಅಕ್ಷರಗಳೂ ಹಾಗೇ ಉದ್ದುದ್ದ.
'ಐವರಲ್ಲ ಅಮ್ಮಾ, ಆರು ಮಂದಿ.
ನಮ್ಮ ಅಡುಗೆಕೋಣೆಯ ಹುಡುಗ ಜೆಫೆರೀನು, ಹದಿನಾರು ವರ್ಷ,
ಕಂಬ ಮುರಿದಿತ್ತು, ಆಂಟೆನಾ ತಂತಿಯನ್ನು ಹುಟ್ಟಿಗೆ ಬಿಗಿದು
ರಾತ್ರಿಯಿಡೀ ಎತ್ತಿ ಹಿಡಿದು ನಿಂತಿದ್ದ.
ಈಗಲೂ ಕೈ ಮೇಲೆತ್ತಲಾರ, ಉಳಿದಂತೆ ಚೆನ್ನಾಗಿದ್ದಾನೆ.'

ಅವನ ಲೆಕ್ಕ ನನಗೆ ಸಿಕ್ಕೇ ಇರಲಿಲ್ಲ.
ಸದ್ದೇ ಮಾಡದವನು,
ಅವನಿಲ್ಲದೆ ಒಂದು ಚುಕ್ಕೆಯೂ ಬರುತ್ತಿರಲಿಲ್ಲ.

ಠಾಣೆ ಮುಚ್ಚಿ ಎಷ್ಟೋ ವರ್ಷವಾಯಿತು.
ಗಡಿಯಾರ ಹರಾಜಿಗೆ ಬಂದಾಗ ನಾನೇ ಕೂಗಿದೆ,
ಈಗ ಅಡುಗೆಮನೆಯಲ್ಲಿದೆ, ದಿನಕ್ಕೆ ನಾಲ್ಕು ನಿಮಿಷ ಹಿಂದೆ.
ಮುಳ್ಳು ಕೆಂಪಿಗೆ ಬಂದರೆ ಸೌಟು ಎತ್ತಿ ಹಿಡಿದು
ಹಾಗೇ ನಿಂತುಬಿಡುತ್ತೇನೆ.
ಒಮ್ಮೊಮ್ಮೆ ತಳ ಹಿಡಿಯುತ್ತದೆ.